ಹಿಂಭಾರದ ಟ್ರೇಲರ್

ಮಿನ್ನೆಸೋಟದ ನಮ್ಮ ಕಡೆ ಬೇಸಿಗೆ ಬಂತೆಂದರೆ ಪ್ರತಿ ಮನೆಯಿಂದಲೂ ಏನಾದರೊಂದು ಸಾಗಬೇಕು. ದೋಣಿಯೋ, ಮಂಚವೋ, ತೀರಿಹೋದವರ ಕಪಾಟೋ. ಮೊದಲು ಮನೆಗೊಂದು ಪಿಕಪ್ ಇರುತ್ತಿತ್ತು. ಈಗ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಕರೆದೊಯ್ಯುವ ವ್ಯಾನು ಒಂದೇ. ಜನ ಅದರ ಬೆನ್ನಿಗೇ ಟ್ರೇಲರ್ ಕಟ್ಟುತ್ತಾರೆ.

ಹಾಲ್ವರ್ ಸ್ಟೆನ್ಸ್‌ರೂಡ್ ಕೂಡ ಹಾಗೆಯೇ ಕಟ್ಟಲು ಹೊರಟ. ಹೆಂಡತಿ ಆಲ್ಮಾ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಅವಳು ಕಾಲಿನಲ್ಲಿ ತುಳಿದು ನುಡಿಸುತ್ತಿದ್ದ ಆರ್ಗನ್ ಡುಲೂತ್ ಪಟ್ಟಣದಲ್ಲಿರುವ ಮಗನ ಮನೆ ಸೇರಬೇಕೆಂಬುದು ಅವಳದೇ ಮಾತು. ಮಗ ಅಲ್ಲಿನ ದೊಡ್ಡ ಸರೋವರದ ಅದಿರು ಹಡಗಿನಲ್ಲಿ ಕೆಲಸದ ಮೇಲಿದ್ದ. ಸೊಸೆ ಕಾರ್ಲಾ ತನ್ನ ಅವಳಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ವ್ಯಾನಿನಲ್ಲಿ ಬಂದಳು. ಎರಡು ಚಕ್ರದ ಸಣ್ಣ ಟ್ರೇಲರನ್ನು ನೆರೆಮನೆಯ ಡೊರೀನ್ ಕೊಟ್ಟಳು. ಚರ್ಚಿನ ಮಾರಾಟಗಳಿಗೆ ಕೌದಿ, ಜಾಮು ಹೇರಿಕೊಂಡು ವರ್ಷಗಟ್ಟಲೆ ತನ್ನ ವ್ಯಾನಿನ ಹಿಂದೆ ಅದನ್ನು ಎಳೆದವಳು ಅವಳು.

ಹಾಲ್ವರ್‌ಗೆ ಸೊಸೆಯ ಮೇಲೆ ಅನುಮಾನ. ಆರ್ಗನ್ ಅವಳಿಗೆ ಬೇಡ, ಬಾಯಿಬಿಟ್ಟು ಹೇಳಲಾರಳು, ನೆಪ ಹುಡುಕುತ್ತಿದ್ದಾಳೆ ಎಂದು ಅವನ ಎಣಿಕೆ. ಅದಕ್ಕೇ ಅವಳು ಬಚ್ಚಲಿನಲ್ಲಿದ್ದಾಗ ನೆರೆಯವರಿಬ್ಬರನ್ನು ಕರೆದು ಆರ್ಗನ್ ಹೇರಿಸಿಯೇಬಿಟ್ಟ. ಟ್ರೇಲರಿನ ಹಿಂತುದಿಗೆ ಆರ್ಗನ್ ನಿಂತಿತು. ಪಕ್ಕದಲ್ಲಿ ಆಲ್ಮಾಳ ಉಪ್ಪಿನಕಾಯಿ ಜಾಡಿಗಳು, ಹೊಲಿಗೆ ಯಂತ್ರ. ಮುಂದೆ ಹಗುರವಾದ ಬುಟ್ಟಿಗಳು, ಮಕ್ಕಳ ಸೈಕಲ್ಲು.

ಡೊರೀನ್ ಬಂದು ನೋಡಿದಳು. ನೋಡಿ ತಲೆ ಅಲ್ಲಾಡಿಸಿದಳು.

"ಹಿಂಭಾರ ಆಗಿದೆ, ಹಾಲ್ವರ್. ಆರ್ಗನ್ನು ಚಕ್ರದ ಅಚ್ಚಿಗಿಂತ ಮುಂದಕ್ಕೆ ಬರಬೇಕು."

"ಮೂಕಿ ನೋಡು, ಒಂದೇ ಕೈಯಲ್ಲಿ ಎತ್ತಬಹುದು," ಎಂದ ಹಾಲ್ವರ್, ಟ್ರೇಲರಿನ ಮುಂದಿನ ಎಳೆಗೋಲನ್ನು ಎತ್ತಿಯೂ ತೋರಿಸಿದ. "ಪಾಪ, ವ್ಯಾನಿನ ಬೆನ್ನಿಗೆ ನೋವಾಗಬಾರದು ಅಂತ ಹೀಗೆ ಹೇರಿದ್ದೀನಿ."

"ಅದೇ ತಪ್ಪು. ಮೂಕಿ ಹಗುರಾದ್ರೆ ಟ್ರೇಲರು ಬಾಲ ಆಡಿಸುತ್ತೆ. ನೂರು ಪಾಲು ಭಾರ ಇದ್ರೆ ಹತ್ತು ಪಾಲಾದ್ರೂ ಮೂಕಿ ಮೇಲೆ ಕೂರಬೇಕು."

"ನಲವತ್ತು ವರ್ಷ ಟ್ರ್ಯಾಕ್ಟರಿನ ಹಿಂದೆ ಹುಲ್ಲಿನ ಬಂಡಿ ಎಳೆದಿದ್ದೀನಿ. ಯಾವತ್ತೂ ಬಾಲ ಆಡಲಿಲ್ಲ."

"ಆ ಬಂಡಿಗೆ ನಾಲ್ಕು ಚಕ್ರ ಮಾರಾಯ. ಅದರ ಭಾರ ಅದೇ ಹೊರುತ್ತೆ. ಇದಕ್ಕೆ ಎರಡೇ. ಮೇಲೆ ನಿನ್ನ ಟ್ರ್ಯಾಕ್ಟರು ಹೋಗ್ತಿದ್ದದ್ದು ನಿನ್ನ ಹಸುವಿಗಿಂತ ನಿಧಾನ."

"ಟ್ರೇಲರು ಕೊಡೋಕೆ ಮನಸ್ಸಿಲ್ಲದಿದ್ರೆ ಇಲ್ಲ ಅಂದುಬಿಡು, ಡೊರೀನ್."

"ಮನಸ್ಸಿಲ್ಲದಿದ್ರೆ ಚಕ್ರಕ್ಕೆ ಗಾಳಿ ತುಂಬಿಸಿಕೊಂಡು ಯಾಕೆ ತರ್ತಿದ್ದೆ?"

ಕಾರ್ಲಾ ಒಳಗಿನಿಂದ ಮೈತೂಕದ ಯಂತ್ರ ತಂದಳು. ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಟ್ಟು, ಯಂತ್ರದ ಮೇಲೆ ಒಂದು ಮರದ ದಿಮ್ಮಿ ಇಟ್ಟು, ಅದರ ಮೇಲೆ ಮೂಕಿಯನ್ನು ಇಳಿಸಿದರು. ಹೇರು ಸೇರಿ ಟ್ರೇಲರು ಎಂಟುನೂರು ಪೌಂಡಾದರೂ ಇತ್ತು. ಮುಳ್ಳು ಹನ್ನೆರಡರ ಹತ್ತಿರ ನಿಂತಿತು, ಅದರಲ್ಲಿ ದಿಮ್ಮಿಯದೇ ಒಂದಿಷ್ಟು.

"ಎಂಬತ್ತು ತೋರಿಸಬೇಕಿತ್ತು," ಎಂದಳು ಡೊರೀನ್.

"ಈ ಯಂತ್ರ ಸುಳ್ಳು ಹೇಳುತ್ತೆ. ಆಲ್ಮಾ ಯಾವಾಗಲೂ ಹಾಗಂತಿದ್ದಳು."

"ಅವಳು ಹಾಗಂತಿದ್ದದ್ದು ಕ್ರಿಸ್ಮಸ್ ಊಟ ಆದಮೇಲೆ."

ಕಾರ್ಲಾ ನಕ್ಕಳು. ಹಾಲ್ವರ್‌ಗೆ ಆ ನಗು ಹಿಡಿಸಲಿಲ್ಲ. ಇವರಿಬ್ಬರೂ ಒಂದಾಗಿದ್ದಾರೆ ಎಂದುಕೊಂಡ.

"ವ್ಯಾನಿನ ಪುಸ್ತಕದಲ್ಲಿ ಎಷ್ಟು ಎಳೀಬಹುದು ಅಂತ ಬರೆದಿರುತ್ತೆ ಮಾವ," ಎಂದಳು ಕಾರ್ಲಾ. "ನಾವು ಕೂತಿರೋ ಭಾರವೂ ಲೆಕ್ಕಕ್ಕೆ ಬರುತ್ತಂತೆ. ಸ್ವಲ್ಪ ಇಳಿಸೋಣ."

"ಏನು ಇಳಿಸಬೇಕು ಅಂತ ನನಗೆ ಗೊತ್ತು ಬಿಡು," ಎಂದು ಹಾಲ್ವರ್ ಒಳಗೆ ಹೋದ.

ಡೊರೀನ್ ಬಾಗಿಲವರೆಗೂ ಬಂದು ಹೇಳಿದಳು: "ಒಂದು ಮಾತು ಕೇಳಿಸಿಕೊ. ಅಕಸ್ಮಾತ್ ಬಾಲ ಆಡಿದರೆ ಬ್ರೇಕು ತುಳಿಯಬಾರದು, ಸ್ಟೀರಿಂಗ್ ತಿರುಗಿಸಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು ನೆಟ್ಟಗೆ ಹಿಡಿದುಕೊಂಡಿರಬೇಕು." ಹಾಲ್ವರ್ ಕಾಫಿ ಕಾಯಿಸುತ್ತ ಕೇಳಿಸದವನಂತೆ ಇದ್ದ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದ. ಮೊಳೆಗೆ ತೂಗುಹಾಕಿದ್ದ ವ್ಯಾನಿನ ಕೀಲಿ ತೆಗೆದುಕೊಂಡ. ಟ್ರೇಲರನ್ನು ವ್ಯಾನಿನ ಕೊಂಡಿಗೆ ಸಿಕ್ಕಿಸಿದ. ಊರ ಸರೋವರದ ದಾರಿಯಲ್ಲಿ ಒಂದು ಸುತ್ತು ಹೋಗಿಬಂದು, ನೋಡಿ, ಏನೂ ಆಗಲಿಲ್ಲ ಎಂದು ಹೇಳುವ ಮನಸ್ಸು ಅವನದು. ಆಗ ಸೊಸೆಗೆ ಯಾವ ನೆಪವೂ ಉಳಿಯುವುದಿಲ್ಲ.

ಸಮದಾರಿಯಲ್ಲಿ ಏನೂ ಆಗಲಿಲ್ಲ. ಹಾಲ್ವರ್ ಮನಸ್ಸಿನಲ್ಲೇ ಗೆದ್ದುಬಿಟ್ಟ. ಚರ್ಚಿನ ದಿಬ್ಬ ಇಳಿಯುವಾಗ ವೇಗ ಏರಿತು. ಹಿಂದಿನಿಂದ ಯಾರೋ ವ್ಯಾನನ್ನು ಮೆಲ್ಲಗೆ ಒಂದು ಬದಿಗೆ ತಳ್ಳಿದ ಹಾಗಾಯಿತು. ಆಮೇಲೆ ಇನ್ನೊಂದು ಬದಿಗೆ ತಳ್ಳಿದ ಹಾಗೆ. ಕನ್ನಡಿಯಲ್ಲಿ ಆರ್ಗನ್ ಎಡಕ್ಕೆ ಕಂಡಿತು, ಬಲಕ್ಕೆ ಕಂಡಿತು. ಹಾಲ್ವರ್ ಹಳೆಯ ಅಭ್ಯಾಸದಂತೆ ಬ್ರೇಕು ತುಳಿದ. ಬಾಲ ಇನ್ನೂ ಜೋರಾಗಿ ಬೀಸಿತು. ವ್ಯಾನಿನ ಹಿಂಭಾಗವೇ ದಾರಿ ಬಿಟ್ಟು ಹುಲ್ಲಿನ ಕಡೆ ಜಾರಿತು.

ಆಗ ಡೊರೀನ್ ಹೇಳಿದ್ದು ನೆನಪಾಯಿತು. ಬ್ರೇಕಿನಿಂದ ಕಾಲು ತೆಗೆದ. ಸ್ಟೀರಿಂಗನ್ನು ನೆಟ್ಟಗೆ ಹಿಡಿದ. ದಿಬ್ಬದ ಬುಡದವರೆಗೂ ಹಾಗೆಯೇ ಹಿಡಿದಿದ್ದ. ಬೀಸುವುದು ತಗ್ಗಿ ತಗ್ಗಿ, ಕೊನೆಗೆ ವ್ಯಾನು ಚರಂಡಿಯ ಅಂಚಿನಲ್ಲಿ ನಿಂತಿತು.

ದೇವರನ್ನು ನೆನೆಯಲು ಬಾಯಿ ತೆರೆದರೆ ಊಟಕ್ಕೆ ಮುಂಚೆ ಹೇಳುವ ಪ್ರಾರ್ಥನೆಯೇ ಬಂತು. ಅದನ್ನೇ ಪೂರ್ತಿ ಹೇಳಿದ. ತಲೆಯೆತ್ತಿ ಕನ್ನಡಿ ನೋಡಿದಾಗ ಹಿಂದಿನ ಸಾಲಿನಲ್ಲಿ ಮಕ್ಕಳ ಎರಡು ಸೀಟುಗಳು ಕಂಡವು, ಪಟ್ಟಿ ಬಿಚ್ಚಿ ಖಾಲಿ. ಮಧ್ಯಾಹ್ನದ ಹೊತ್ತಿಗೆ ಅವುಗಳಲ್ಲಿ ಮಕ್ಕಳು ಕೂರಬೇಕಿತ್ತು. ಇದೇ ಟ್ರೇಲರನ್ನು ಎಳೆದುಕೊಂಡು ಕಾರ್ಲಾ ಹೆದ್ದಾರಿಗೆ ಇಳಿಯಬೇಕಿತ್ತು. ಹಾಲ್ವರ್ ಇಳಿದು ಆರ್ಗನ್ ಬಿಗಿದ ಹಗ್ಗಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

ನಡೆದುಹೋಗುವವನ ವೇಗದಲ್ಲಿ ಮನೆಗೆ ಬಂದ. ಅಂಗಳದಲ್ಲಿ ಇಬ್ಬರೂ ಹೆಂಗಸರು ನಿಂತಿದ್ದರು.

"ಸ್ವಲ್ಪ ಆಡಿತು," ಎಂದ.

"ಸ್ವಲ್ಪ ಅಂದ್ರೆ?" ಎಂದಳು ಡೊರೀನ್.

"ದಾರಿಯ ಎರಡೂ ಕಡೆ ಹುಲ್ಲು ನೋಡಿಕೊಂಡು ಬಂದೆ."

ಯಾರೂ ನಗಲಿಲ್ಲ. ಹಾಲ್ವರ್ ಹಗ್ಗ ಬಿಚ್ಚತೊಡಗಿದ. "ಆರ್ಗನ್ನು ಇಳಿಸಿಬಿಡೋಣ ಕಾರ್ಲಾ. ನಿನಗೂ ಅದೇ ಬೇಕಾಗಿತ್ತು."

"ಅದನ್ನು ಇಳಿಸೋದು ನನಗೆ ಯಾಕೆ ಬೇಕು?" ಕಾರ್ಲಾ ಜಾಡಿಗಳ ಒಂದು ಪೆಟ್ಟಿಗೆಯನ್ನು ಎತ್ತಿ ಮೆಟ್ಟಿಲ ಮೇಲೆ ಇಟ್ಟಳು. ಹಿಂದೆಯೇ ಮಕ್ಕಳ ಸೈಕಲ್ಲು ಇಳಿಸಿದಳು. "ಜಾಡಿ ಬರುವ ತಿಂಗಳು ಬರಲಿ. ಸೈಕಲ್ಲು ಇಲ್ಲೇ ಇರಲಿ, ಬಂದಾಗ ಹೊಡೀತಾರೆ. ನಾನು ಬಂದಿರೋದೇ ಅತ್ತೆಯ ಆರ್ಗನ್ನಿಗೆ, ಮಾವ. ನಮ್ಮ ಚರ್ಚಿನಲ್ಲಿ ಹುಡುಗಿಯರಿಗೆ ಆರ್ಗನ್ ಪಾಠಕ್ಕೆ ಹೇಳಿಟ್ಟಾಗಿದೆ."

ಹಾಲ್ವರ್ ಅವಳ ಕೈಯಿಂದ ಎರಡನೆಯ ಪೆಟ್ಟಿಗೆ ತೆಗೆದುಕೊಂಡ.

ನೆರೆಯವರನ್ನು ಮತ್ತೆ ಕರೆದು ಆರ್ಗನ್ನನ್ನು ಅಚ್ಚಿನಿಂದ ತುಸು ಮುಂದಕ್ಕೆ ಸರಿಸಿ ಬಿಗಿದರು. ಪುಸ್ತಕ ತೆಗೆದು ನೋಡಿದರು, ಭಾರ ಮಿತಿಯೊಳಗಿತ್ತು. ಯಂತ್ರದ ಮುಳ್ಳು ಎಂಬತ್ತು ದಾಟಿತು. ಕೊಂಡಿ ಸರಿಯಾಗಿ ಸಿಕ್ಕಿದೆಯೇ ಎಂದು ಹಾಲ್ವರ್ ಮೂಕಿಯನ್ನು ಮೇಲಕ್ಕೆ ಜಗ್ಗಿ ನೋಡಿದ. ಕೊಂಡಿ ಕಳಚಿದರೂ ಹಿಡಿದಿರಲೆಂದು ಇದ್ದ ಸರಪಳಿಗಳೆರಡನ್ನೂ ಮೂಕಿಯ ಕೆಳಗೆ ಅಡ್ಡಡ್ಡ ಹಾಯಿಸಿ ಸಿಕ್ಕಿಸಿದ. ಟ್ರೇಲರಿನ ದೀಪ ಹತ್ತುತ್ತದೆಯೇ ಎಂದು ಡೊರೀನ್ ಹಿಂದೆ ನಿಂತು ನೋಡಿ ಕೂಗಿ ಹೇಳಿದಳು. ನಿಧಾನವಾಗಿ ಹೋಗುತ್ತೇನೆ, ಮುಂದಿನ ಗಾಡಿಯಿಂದ ದೂರವಿರುತ್ತೇನೆ, ಸ್ವಲ್ಪ ದೂರ ಹೋದಮೇಲೆ ಇಳಿದು ಇನ್ನೊಮ್ಮೆ ನೋಡುತ್ತೇನೆ ಎಂದು ಕಾರ್ಲಾ ಮಾತು ಕೊಟ್ಟಳು. ಅಂದು ಸಂಜೆ ಮಗನ ಮನೆಯಿಂದ ಫೋನು ಬಂತು. ಮಾತಿಗೆ ಮುಂಚೆ ಆರ್ಗನ್ನಿನ ಒಂದು ಸ್ವರ ಕೇಳಿಸಿತು, ಹಿಂದೆಯೇ ಮಕ್ಕಳ ಜಗಳ.

ಓದುವವರೇ, ಎತ್ತಿನ ಗಾಡಿ ಹೊಡೆದ ನಿಮ್ಮ ಹಿರಿಯರನ್ನು ಕೇಳಿ ನೋಡಿ. ಹಿಂಭಾರವಾದ ಗಾಡಿ ನೊಗವನ್ನೇ ಎತ್ತುತ್ತದೆ ಎನ್ನುತ್ತಾರೆ. ವ್ಯಾನಿಗೂ ಅದೇ ನ್ಯಾಯ. ಭಾರವಾದದ್ದನ್ನು ಅಚ್ಚಿನಿಂದ ಮುಂದೆ ಹೇರಿ. ನಿಮ್ಮ ವ್ಯಾನು ಎಷ್ಟು ಎಳೆಯಬಲ್ಲದೆಂದು ಮೊದಲೇ ತಿಳಿಯಿರಿ, ಕೂತವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೂಕಿಯನ್ನು ತೂಗಿ ನೋಡಲು ಮನೆಯ ಯಂತ್ರವೇ ಸಾಕು. ಸಂಶಯ ಒಳ್ಳೆಯದೇ, ಆದರೆ ಮೊದಲು ನೀವೇ ಕಟ್ಟಿದ ಗಂಟಿನ ಮೇಲೆ ಸಂಶಯಪಡಿ. ಹೊರಡುವ ಮುಂಚೆ ಪ್ರಾರ್ಥನೆ ಮಾಡುವವರು ಖಂಡಿತ ಮಾಡಿ. ಆಮೆನ್ ಅನ್ನುವ ಮೊದಲು ಒಮ್ಮೆ ಇಳಿದು ಕೊಂಡಿ ಮುಟ್ಟಿ ಬನ್ನಿ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ನೀವು ಹೇರಿದ್ದನ್ನು ತಿರುಗಿ ನೋಡುವುದಿಲ್ಲ. ಊರು ದಾಟುವುದರೊಳಗೆ ನಿದ್ದೆ ಹೋಗುತ್ತಾರೆ.