ಏಳನೇ ಹಾಡಿನ ದನಿ

"ಈಗ ಎಲ್ಲರೂ ಕೇಳ್ತಿರೋ ಪ್ರಶ್ನೆ," ಎನ್ನುತ್ತ ರೇಡಿಯೋ ನಿರೂಪಕಿ ಮೈಕನ್ನು ಹುಡುಗನ ಕಡೆ ಸರಿಸಿದಳು. "ಏಳನೇ ಹಾಡಲ್ಲಿ ಬೀ-ಬೀ-ಬೀಗ ಅಂತಾರಲ್ಲ, ಅದು ಯಾರು? ಆ ದನಿ ಎಲ್ಲಿ ಸಿಕ್ತು?"

ಕಷ್ಟದ ಪ್ರಶ್ನೆಯೇನಲ್ಲ. ನಮ್ಮಪ್ಪಂದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸ್ಟುಡಿಯೋದ ಗಾಜಿನ ಆಚೆ ನಿಂತಿದ್ದ ನಾಲ್ಕು ಜನ ಆಗಲೇ ನಗುತ್ತಿದ್ದರು. ಅವರಲ್ಲೊಬ್ಬ ಬಾಯಿ ಸೊಟ್ಟ ಮಾಡಿ ಬೀ-ಬೀ ಎಂದು ಅಣಕಿಸುತ್ತಲೂ ಇದ್ದ. ಉಸಿರು ಬಿಡದೆ ಮಾತು ಉದುರಿಸುವ ಹುಡುಗನ ನಾಲಿಗೆ ಬೇರೆ ದಾರಿ ಹಿಡಿಯಿತು.

"ಅದಾ? ಯಾವುದೋ ಹಳೇ ಕ್ಯಾಸೆಟ್ಟು. ಗುಜರಿ ಅಂಗಡೀಲಿ ಸಿಕ್ತು. ಯಾರೋ ಏನೋ, ಪಾಪ."

ಆ 'ಪಾಪ' ಯಾಕೆ ಬಾಯಿಗೆ ಬಂತೋ ಅವನಿಗೇ ತಿಳಿಯಲಿಲ್ಲ. ನಿರೂಪಕಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ.

ಈ ಹುಡುಗನಿಗೆ ಜನ ಇಟ್ಟ ಹೆಸರು ಚಾವಿ. ಅಪ್ಪ ಬೀಗ ರಿಪೇರಿಯವನು. ಶಾಲೆಯಲ್ಲಿ ತಮಾಷೆಗೆ ಅಂಟಿಕೊಂಡ ಹೆಸರನ್ನೇ ಇವನು ರ‍್ಯಾಪಿಗೂ ಇಟ್ಟುಕೊಂಡ. ಗೆಳೆಯ ಡಬ್ಬಿಯ ಕೋಣೆಯಲ್ಲಿ, ಗೋಡೆಗೆ ಹಳೇ ಹಾಸಿಗೆ ಒರಗಿಸಿಕೊಂಡು, ಎರಡು ವರ್ಷ ಬೆವರು ಸುರಿಸಿ ಒಂಬತ್ತು ಹಾಡಿನ ಮಿಕ್ಸ್‌ಟೇಪು ಮಾಡಿದ. ಎಂಟು ಹಾಡು ಕೈಗೆ ಬಂದವು, ಏಳನೆಯದು ಮಾತ್ರ ಏನು ಮಾಡಿದರೂ ಕುಂಟುತ್ತಿತ್ತು. ಒಂದು ಸಂಜೆ ಡಬ್ಬಿಯ ದೊಡ್ಡ ಸ್ಪೀಕರಿಗೆ ಇವನ ಫೋನು ಸಿಕ್ಕಿಸಿದ್ದರು. ಮನೆಗೆ ಬರುವುದು ಹೊತ್ತಾದಾಗಲೆಲ್ಲ ಅಪ್ಪ ಕಳಿಸುವ ದನಿ ಸಂದೇಶ ಅಂದೂ ಬಂತು. ಒತ್ತಿದರೆ ಕೋಣೆ ತುಂಬ ಅಪ್ಪ.

"ಬೀ... ಬೀ... ಬೀಗ ಹಾಕಿಲ್ಲ ಮಗಾ. ನಿಧಾನಕ್ಕೆ ಬಾ."

ಡಬ್ಬಿ ಕುರ್ಚಿಯಿಂದ ಎಗರಿ ನಿಂತ. "ಲೋ! ಇದೇ ಕಣೋ ತಾಳ! ನಿಮ್ಮಪ್ಪ ಚಿನ್ನ ಕಣೋ!"

"ಅಪ್ಪನ್ನ ಒಂದ್ಮಾತು ಕೇಳ್ಬೇಕಲ್ವಾ?"

"ಏನು ಕೇಳೋದು, ಅಪ್ಪ ತಾನೇ. ಆಮೇಲೆ ಹೇಳಿದ್ರಾಯ್ತು ಬಿಡು."

ಮೊದಲ ತೊದಲಿನಿಂದ 'ಬೀಗ'ದ ತನಕ ಇಟ್ಟುಕೊಂಡರು. ಉಳಿದದ್ದನ್ನು ಕತ್ತರಿಸಿ ಎಸೆದರು. ಮಿಕ್ಸ್‌ಟೇಪಿಗೆ 'ಕಳ್ಳ ಕೀಲಿ' ಎಂದು ಹೆಸರಿಟ್ಟರು.

ಮೂರೇ ವಾರ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಶಾಲೆ ಬಿಟ್ಟ ಮಕ್ಕಳ ಬಾಯಲ್ಲಿ ಬೀ-ಬೀ-ಬೀಗ. ಇವನ ಪದಗಳನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ ಎನ್ನುವುದು ಬೇರೆ ಮಾತು. ಅಪ್ಪನೂ ಹಿಗ್ಗಿಹೋದ. ಮಿಕ್ಸ್‌ಟೇಪಿನ ಮುಖಪುಟದ ಚಿತ್ರ ಅಂಗಡಿಯ ಕಪಾಟಿಗೆ ಅಂಟಿಸಿದ. ಬಂದವರಿಗೆಲ್ಲ ಅದನ್ನು ತೋರಿಸಿ, ತಡೆತಡೆದು, ಒಂದೇ ಮಾತು ಹೇಳುತ್ತಿದ್ದ: "ನ... ನನಗೆ ಸಿಗದ ಮಾತೆಲ್ಲ ನನ್ನ ಮಗನ ಪಾಲಿಗೆ ಬಂದಿದೆ ನೋಡಿ." ಅಪ್ಪ ಮೊದಲನೇ ಹಾಡನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಾನೆ, ಏಳನೆಯದರ ತನಕ ಹೋಗಿಯೇ ಇಲ್ಲ ಎಂದು ಹುಡುಗ ತನಗೆ ತಾನೇ ಹೇಳಿಕೊಂಡ. ಹಾಗಂದುಕೊಂಡರೆ ಊಟ ಸೇರುತ್ತಿತ್ತು.

ರೇಡಿಯೋಗೆ ಹೋಗಿ ಬಂದ ಮಾರನೇ ದಿನ ಮಧ್ಯಾಹ್ನ ಅವನು ಅಂಗಡಿಗೆ ಹೋದ. ಇವತ್ತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅಂಗಡಿ ಎಂದರೆ ಎರಡು ಜನ ನಿಂತರೆ ಮೂರನೆಯವರು ಬೀದಿಗೆ. ಗೋಡೆಯ ಮೊಳೆಗಳಲ್ಲಿ ಹಲ್ಲು ಕೊರೆಯದ ಕೀಲಿಗಳ ಗೊಂಚಲು, ಮೇಜಿನ ಮೇಲೆ ಹಿತ್ತಾಳೆ ಪುಡಿ. ಅಪ್ಪ ಒಂದು ಕೀಲಿಗೆ ಅರ ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಅಪ್ಪಾ, ಒಂದು ವಿಷಯ..."

ಅಷ್ಟರಲ್ಲಿ ಇಬ್ಬರು ಕಾಲೇಜು ಹುಡುಗಿಯರು ಬಂದರು. ಚಾವಿ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಮೂಲೆಗೆ ಸರಿದ. ಉದ್ದ ಜಡೆಯವಳು ಕೀಲಿಯೊಂದನ್ನು ಮುಂದಿಟ್ಟಳು. "ಹಾಸ್ಟೆಲ್ ಗೇಟಿಂದು ಅಂಕಲ್. ಇಂಥದೇ ಇನ್ನೊಂದು ಬೇಗ ಮಾಡ್ಕೊಡಿ."

ಅಪ್ಪ ಕೀಲಿ ತಿರುಗಿಸಿ ನೋಡಿ ವಾಪಸ್ ಇಟ್ಟ. "ಬೀ... ಬೀ... ಬೀಗ ಯಾರದೋ ಅವರನ್ನ ಕೇಳದೆ ನಾನು ಮಾಡಲ್ಲಮ್ಮ. ಅವರ ಹತ್ರ ಒಂದು ಚೀಟಿ ಬರೆಸ್ಕೊಂಡು ಬನ್ನಿ."

ಈ ನಿಯಮ ಹುಡುಗ ಹುಟ್ಟುವುದಕ್ಕೂ ಮುಂಚಿನದು. ಅದಕ್ಕಾಗಿ ಅಪ್ಪ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡು, ಮನೆಯಲ್ಲಿ ಅಮ್ಮನ ಕೈಲಿ ಬೈಸಿಕೊಂಡದ್ದೂ ಉಂಟು.

ಹುಡುಗಿಯರು ಮಾತ್ರ ನಿಯಮ ಕೇಳಿಸಿಕೊಳ್ಳಲೇ ಇಲ್ಲ. ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಕ್ಕರು. ಜಡೆಯವಳು ಚಪ್ಪಾಳೆ ತಟ್ಟಿ ತಾಳ ಹಾಕಿದಳು. "ಅಯ್ಯೋ ಅಂಕಲ್, ಸೂಪರ್ ಮಾಡ್ತೀರಾ! ಇನ್ನೊಂದು ಸಲ!" ಇನ್ನೊಬ್ಬಳ ಕಣ್ಣು ಕಪಾಟಿನ ಚಿತ್ರದ ಮೇಲೆ ಬಿತ್ತು. ಅವಳ ನಗು ನಿಂತಿತು. "ತಡಿಯೇ. ಅಂಕಲ್... ನಿಜ ಹೇಳಿ, ಆ ಹಾಡಲ್ಲಿರೋದು ನೀವೇನಾ?"

ಅಪ್ಪ ಅರವನ್ನು ಕೈಗೆತ್ತಿಕೊಂಡ. ಮಗನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ನಾ... ನಾ... ನಾನಲ್ಲಮ್ಮ," ಎಂದ. ಅವನ ಕುತ್ತಿಗೆಯ ನರ ಎದ್ದು ನಿಂತಿತು. "ಅದು ಯಾವುದೋ ಹಳೇ ಕ್ಯಾಸೆಟ್ಟಂತೆ. ರೇ... ರೇಡಿಯೋದಲ್ಲಿ ಹೇಳಿದ್ರು."

ಹುಡುಗಿಯರು ಹೋದರು. ಕೀಲಿಗಳ ಹಿಂದೆ, ಗೂಡಿನಲ್ಲಿ, ಅಂಗೈಯಗಲದ ರೇಡಿಯೋ ಇತ್ತು. ಅದು ಹುಡುಗ ಹುಟ್ಟಿದಾಗಿನಿಂದ ಅಲ್ಲೇ ಇದೆ, ದಿನವಿಡೀ ಹಾಡುತ್ತಿರುತ್ತದೆ. ಈ ಹೊತ್ತು ಅದರ ಸದ್ದಿಲ್ಲ ಎನ್ನುವುದು ಅವನಿಗೆ ಆಗ ಗೊತ್ತಾಯಿತು.

"ಅಪ್ಪಾ, ಅ... ಅದು..."

"ಇವತ್ತು ಕಾರ್ಯಕ್ರಮ ಇದೆ ಅಂದಿದ್ದೆ ಅಲ್ವಾ?" ಎಂದ ಅಪ್ಪ. ಒಂದು ಅಕ್ಷರವೂ ಎಡವಲಿಲ್ಲ. "ಹೊರಡು, ಹೊತ್ತಾಗುತ್ತೆ."

ಸಂಜೆ ಆರಕ್ಕೆ ಸಭಾಂಗಣ ತುಂಬಿ ತುಳುಕುತ್ತಿತ್ತು. ಹುಡುಗ ಆರು ಹಾಡು ಹೇಗೋ ಮುಗಿಸಿ ನೀರು ಕುಡಿಯಲು ಪರದೆಯ ಹಿಂದೆ ಬಂದ. ಜನಕ್ಕೆ ಏಳನೆಯದು ಬೇಕಿತ್ತು. ಕಾಲಲ್ಲಿ ನೆಲ ಬಡಿಯುತ್ತ ಸಾವಿರ ಬಾಯಿ ಕೂಗುತ್ತಿದ್ದವು, ಬೀ-ಬೀ-ಬೀಗ, ಬೀ-ಬೀ-ಬೀಗ. ಅವನ ಜೇಬಿನಲ್ಲಿ ಫೋನು ಅದುರಿತು. ಅಪ್ಪ.

ಅವನು ಅಭ್ಯಾಸಬಲದಿಂದ ಫೋನನ್ನು ಕಿವಿಗೆ ಹಿಡಿದ. ಏನೂ ಕೇಳಿಸಲಿಲ್ಲ. ತೆಗೆದು ನೋಡಿದ.

'ಬೀಗ ಹಾಕಿಲ್ಲ ಮಗಾ. ನಿಧಾನಕ್ಕೆ ಬಾ.'

ಅಕ್ಷರದಲ್ಲಿತ್ತು. ಅರ ಹಿಡಿದು ಹಿಡಿದು ದಪ್ಪಗಾದ ಬೆರಳು ಅಪ್ಪನದು. ಫೋನಿನಲ್ಲಿ ಒಂದು ಹೆಸರು ಹುಡುಕುವುದಕ್ಕೂ ಅಮ್ಮನನ್ನು ಕರೆಯುವವನು. ಇಷ್ಟು ಒತ್ತಲು ಎಷ್ಟು ಹೊತ್ತು ಕೂತಿದ್ದನೋ. ಹುಡುಗ ಬೆರಳಿನಿಂದ ಮೇಲಕ್ಕೆ ಸರಿಸಿದ. ಮೇಲೆಲ್ಲ ದನಿಯೇ, ದಿನಕ್ಕೊಂದರಂತೆ, ಎರಡು ವರ್ಷದ್ದು.

"ಲೋ ಚಾವಿ," ಡಬ್ಬಿ ತನ್ನ ಯಂತ್ರದ ಹಿಂದಿನಿಂದ ಕೂಗಿದ. "ಬಿಡ್ಲಾ?"

ಹುಡುಗ ಫೋನಿನ ಮೇಲೆ ಬೆರಳು ಸರಿಸುತ್ತಲೇ ಇದ್ದ. ಡಬ್ಬಿ ಒತ್ತಿಯೇಬಿಟ್ಟ. ದೊಡ್ಡ ಸ್ಪೀಕರುಗಳಲ್ಲಿ ಅಪ್ಪ ತೊದಲಿದ. ಜನ ಹೋ ಎಂದು ಎದ್ದು ನಿಂತರು. ಪರದೆಯ ಹಿಂದೆ ಅವನು ಹಿಂದಿನ ವಾರದ ಸಂದೇಶವೊಂದನ್ನು ಒತ್ತಿ, ಫೋನನ್ನು ಕಿವಿಗೆ ಆನಿಸಿಕೊಂಡು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ.