ಅಣ್ಣ ಅಲುಗಿಸಿದ ಕನ್ನಡಿ

ಅಣ್ಣ ತನ್ನ ಕೋಣೆಯ ಬಾಗಿಲು ಮುಚ್ಚಿ, ನಗುತ್ತಾ, "ನೀನು ಪಾಸಾದೆ ಕಣೇ" ಅಂದಾಗ ತಂಗಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಅವರಿಬ್ಬರೂ ಕೆಲಸ ಮಾಡುವ ಪ್ರಯೋಗಾಲಯಕ್ಕೆ ಅವನೇ ಮುಖ್ಯಸ್ಥ. ದೂರದ ಆಕಾಶದಲ್ಲಿ ಎರಡು ಕಪ್ಪುರಂಧ್ರಗಳು ಕೂಡಿಕೊಂಡಾಗ ಏಳುವ ಗುರುತ್ವದ ಅಲೆಯನ್ನು, ಉದ್ದನೆಯ ಕೊಳವೆಗಳ ತುದಿಯಲ್ಲಿ ತೂಗುಬಿಟ್ಟ ಕನ್ನಡಿಗಳ ಅಲುಗಾಟದಿಂದ ಹಿಡಿಯುವುದು ಅಲ್ಲಿಯ ಕೆಲಸ. ತಂಗಿ ಬೆನ್ನು ಹತ್ತಿದ್ದು ನಕ್ಷತ್ರಗಳು ಒತ್ತೊತ್ತಾಗಿ ಸೇರಿದ ತಾರಾಗುಚ್ಛಗಳನ್ನು. ಸಂತೆಯಂಥ ಆ ನೂಕುನುಗ್ಗಲಿನಲ್ಲಿ ಎಲ್ಲಿಯದೋ ಎರಡು ಕಪ್ಪುರಂಧ್ರಗಳು ಗಂಟುಬೀಳುತ್ತವೆ, ದುಂಡಗೆ ಸುತ್ತದೆ ಮೊಟ್ಟೆಯಾಕಾರದಲ್ಲಿ ಸುತ್ತಿ ಒಂದಾಗುತ್ತವೆ, ಅವುಗಳ ಅಲೆಯೇ ಬೇರೆ ಎಂದು ಅವಳು ವರ್ಷಗಟ್ಟಲೆ ಬಾಯಿ ನೋಯುವಷ್ಟು ಹೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಒಂದಾದರೂ ಸಿಗಲಿ, ಆಮೇಲೆ ನೋಡೋಣ ಅನ್ನುತ್ತಿದ್ದರು.

ನಿನ್ನೆ ಸಿಕ್ಕಿತ್ತು. ಅವಳು ಕುರ್ಚಿ ಬಿಟ್ಟು ಕುಣಿದಿದ್ದಳು. ಈಗ ನೋಡಿದರೆ ಅದು ಅಣ್ಣನೇ ಗುಟ್ಟಾಗಿ ಕನ್ನಡಿ ಅಲುಗಿಸಿ ಹುಟ್ಟಿಸಿದ ಸುಳ್ಳು ಅಲೆ! ಹುಡುಕುವವರ ಎಚ್ಚರ ಪರೀಕ್ಷಿಸಲು ಹೀಗೆ ಮಾಡುವುದು ಅಲ್ಲಿ ರೂಢಿಯೇ. ಆದರೆ ಇವರ ಜೊತೆಗೇ ಅಲೆ ಹುಡುಕುವ ಇನ್ನೊಂದು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಬೇಕು. ಈ ಮಹಾನುಭಾವ ಯಾರಿಗೂ ತಿಳಿಸಿರಲಿಲ್ಲ. ತಂಗಿ ಅಂತ ತಲೆಮೇಲೆ ಕೂರಿಸಿಕೊಂಡಿದ್ದಾನೆ ಎಂದು ಜನ ಆಡಿಕೊಳ್ಳುತ್ತಿದ್ದರಂತೆ, ಅವರ ಬಾಯಿ ಮುಚ್ಚಿಸಬೇಕಿತ್ತಂತೆ. ಅದಕ್ಕೆ ಅವಳು ಹಾಕಿದ್ದ ಅಲೆಯ ಲೆಕ್ಕವನ್ನೇ ಎತ್ತಿಕೊಂಡು ಅವಳಿಗೇ ಬಲೆ ಬೀಸಿದ್ದ.

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಆ ಇನ್ನೊಂದು ಪ್ರಯೋಗಾಲಯದ ಹಿರಿಯರು, ಸ್ಪೀಕರಿನಲ್ಲಿ. ನಿನ್ನೆ ತಮ್ಮಲ್ಲಿ ತಾರಾಗುಚ್ಛದ ಅಲೆಯೊಂದು ಬಂದಿದೆ, ಸಣ್ಣದು, ಆದರೆ ನಿಜವಾದದ್ದು. ಒಬ್ಬರೇ ಹೇಳಿದರೆ ಯಾರೂ ನಂಬುವುದಿಲ್ಲ, ಅದೇ ಗಳಿಗೆಯಲ್ಲಿ ನಿಮ್ಮ ಕನ್ನಡಿಗಳು ಏನು ಕಂಡವು ಎಂದು ಕೇಳಿದರು.

ಅವರು ಗಳಿಗೆ ಹೇಳುತ್ತಲೇ ಅಣ್ಣನ ಮುಖ ಬಿಳಿಚಿಕೊಂಡಿತು. ಆಗ ಇಲ್ಲಿಯ ಕನ್ನಡಿಗಳು ಅವನ ತಾಳಕ್ಕೆ ಕುಣಿಯುತ್ತಿದ್ದವು. ಆ ಅಬ್ಬರದಲ್ಲಿ ಸಣ್ಣ ಅಲೆ ಹೇಳಹೆಸರಿಲ್ಲದೆ ಹೋಗಿತ್ತು.

ಅವನು ಸ್ಪೀಕರು ಆರಿಸಿ, ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. "ರಿಪೇರಿ ನಡೀತಿತ್ತು ಅಂದ್ಬಿಡೋಣ. ಇಂಥವು ಇನ್ನೂ ಬರ್ತಾವೆ ಬಿಡು."

ತಂಗಿ ರಿಸೀವರು ಕಿತ್ತುಕೊಂಡಳು.

"ರಿಪೇರಿ ಗಿಪೇರಿ ಏನೂ ಇರ್ಲಿಲ್ಲ ಸರ್. ನಮ್ಮಣ್ಣ ನಿಮಗೂ ಹೇಳದೆ ಕನ್ನಡಿ ಅಲುಗಿಸಿ ನನ್ನ ಪರೀಕ್ಷೆ ಮಾಡ್ತಿದ್ದ. ನಿಜವಾದದ್ದು ಬಂದಾಗ ನಾವು ಸುಳ್ಳು ಹಿಡೀತಿದ್ವಿ."

ಆ ಕಡೆಯವರು, ಹಾಗಾದರೆ ಇದನ್ನು ಪ್ರಕಟಿಸುವಂತಿಲ್ಲ ಎಂದು ಫೋನಿಟ್ಟರು.

"ಮನೆಯವಳಾಗಿ ನನ್ನ ಮಾನ ಕಳೆದೆಯಲ್ಲೇ" ಅಂದ ಅಣ್ಣ.

"ನಿನ್ನ ಮಾನ ನಾಳೆ ನಾಡಿದ್ದು ವಾಪಸ್ ಬರುತ್ತೆ" ಅಂದಳು ತಂಗಿ. "ಆ ಎರಡು ರಂಧ್ರ ಒಂದಾಗಿ ಮುಗೀತು, ಅಣ್ಣ. ಇನ್ನೊಂದು ಸಲ ಒಂದಾಗಲ್ಲ."