ಗಾರೆಯಲ್ಲಿ ಉಳಿದ ಅಂಗೈ

ಮೇಸ್ತ್ರಿ ಉಳಿ ಹಿಡಿದು ಗೋಡೆಯ ಮುಂದೆ ಕೂತು ಅರ್ಧ ಗಂಟೆಯಾಗಿತ್ತು. ಊರವರ ಗೋಡೆಗಳನ್ನೆಲ್ಲ ಹಿಂದೆಮುಂದೆ ನೋಡದೆ ಕೆರೆದು ಹಾಕುವ ಮನುಷ್ಯನಿಗೆ ಈ ಗೋಡೆ ಮುಟ್ಟಲು ಕೈ ಬರುತ್ತಿರಲಿಲ್ಲ.

ಮನೆ ಅವನ ಅಣ್ಣನದು. ತಮ್ಮನಿಗೆ ಕರಣೆ ಹಿಡಿಯಲು ಕಲಿಸಿದವನೂ ಅವನೇ, ಗಾರೆ ಸೊಟ್ಟಗಾದರೆ ಕೈ ಮೇಲೆ ಬಾರಿಸಿದವನೂ ಅವನೇ. ಗೋಡೆ ಮುಗಿದ ಮೇಲೆ ಮೂಲೆಯ ಹಸಿ ಗಾರೆಗೆ ಅಂಗೈ ಒತ್ತಿ ಏಳುವುದು ಅಣ್ಣನ ಚಾಳಿ. ಮನೆಯೊಡೆಯರು ಬೈದು ಅಳಿಸಿಬಿಡುತ್ತಿದ್ದರು. ಉಳಿದದ್ದು ಸ್ವಂತ ಮನೆಯ ಈ ಗೋಡೆಯಲ್ಲಿ ಒಂದೇ. ಇದನ್ನು ಮುಗಿಸಿದ ಮೂರನೇ ತಿಂಗಳಿಗೆ ಅಣ್ಣ ತೀರಿಕೊಂಡ. ಅದಾಗಿ ಆರು ವರ್ಷ.

ಈಗ ನೆಲದ ತೇವ ಗೋಡೆ ಹತ್ತಿತ್ತು. ಸೊಂಟದೆತ್ತರಕ್ಕೆ ಬಿಳಿ ಉಪ್ಪು ಉಕ್ಕಿ, ಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತಿತ್ತು. ಗಾರೆ ಕಿತ್ತು, ಬುಡದಲ್ಲಿ ನೀರು ಏರದಂತೆ ತಡೆ ಹಾಕದಿದ್ದರೆ ಗೋಡೆಯೇ ಕುಸಿಯುತ್ತಿತ್ತು.

"ಏನು ಬೇಕಾದ್ರೂ ಕೀಳು. ಆ ಕೈ ಒಂದು ಉಳಿಸ್ಕೊಡು," ಎಂದಿದ್ದಳು ಅತ್ತಿಗೆ.

"ಚೌಕವಾಗಿ ಕುಯ್ದು ತೆಗೆದು, ಫೋಟೋ ಥರ ಕಟ್ಟು ಹಾಕಿಸಿ ಕೊಡ್ತೀನಿ ಅತ್ತಿಗೆ."

"ನಿಮ್ಮಣ್ಣ ಇದ್ದಿದ್ರೆ, 'ಇವನ ಕೈಗೆ ಕೊಟ್ಯಾ, ಮುಗೀತು ಕಥೆ' ಅಂತಿದ್ರು." ಇಬ್ಬರೂ ನಕ್ಕಿದ್ದರು.

ಆದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಾಗ ಇಡೀ ಗೋಡೆಯಲ್ಲಿ ಅಂಗೈ ಇದ್ದ ಜಾಗವೇ ಎಲ್ಲಕ್ಕಿಂತ ಟೊಳ್ಳು. ಅಲ್ಲಿ ಮಾತ್ರ ಉಪ್ಪಿಲ್ಲ, ಮಿರಮಿರ ಮಿಂಚುತ್ತಿದೆ.

"ಇದಕ್ಕೆ ಏನು ಹಚ್ಚಿದೀರಿ ಅತ್ತಿಗೆ?"

"ವರ್ಷಾ ವರ್ಷಾ ವಾರ್ನಿಷ್ ಹಚ್ತೀನಲ್ಲ. ತೇವ ತಾಗಬಾರದು ಅಂತ."

ಅವನಿಗೆ ಈಗ ಅರ್ಥವಾಯಿತು. ತೇವ ಬರುತ್ತಿದ್ದುದು ಹೊರಗಿನಿಂದಲ್ಲ, ಒಳಗಿನಿಂದ. ಉಳಿದ ಗೋಡೆ ಕುಡಿದ ನೀರನ್ನು ಗಾಳಿಗೆ ಬಿಟ್ಟುಕೊಂಡು ಹೇಗೋ ದಿನ ತಳ್ಳಿತ್ತು. ಇಲ್ಲಿ ವಾರ್ನಿಷ್ ದಾರಿ ಮುಚ್ಚಿದ್ದರಿಂದ ನೀರೂ ಉಪ್ಪೂ ಹಿಂದೆಯೇ ಕೂತು ಗಾರೆಯನ್ನು ತಿಂದಿದ್ದವು. ಅಷ್ಟು ಪ್ರೀತಿಯಿಂದ ಮಾಡಿದ ಕೆಲಸ ಹೀಗಾಗಬಾರದಿತ್ತು, ಆದರೆ ನೀರಿಗೆ ಯಾರ ದಾಕ್ಷಿಣ್ಯ?

ಅಂಗೈ ಸುತ್ತ ಉಳಿಯಿಂದ ಚೌಕವಾಗಿ ಗೀರಿದ. ನಾಲ್ಕನೇ ಬದಿ ಬಿಡಿಸುವಷ್ಟರಲ್ಲಿ ವಾರ್ನಿಷ್ಷಿನ ಪೊರೆಯಷ್ಟೇ ಕೈಗೆ ಬಂತು. ಹಿಂದಿನ ಗಾರೆ ಒದ್ದೆ ಪುಡಿಯಾಗಿ ಅವನ ಮಡಿಲಿಗೆ ಸುರಿಯಿತು. ಐದು ಬೆರಳಲ್ಲಿ ಒಂದೂ ಉಳಿಯಲಿಲ್ಲ.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

"ಉಳಿ ಜಾರ್ತು ಅತ್ತಿಗೆ," ಎಂದ. "ಅಣ್ಣ ಹೇಳ್ತಿದ್ದದ್ದು ನಿಜ. ನಂಗೆ ಕೆಲಸ ಬರಲ್ಲ."

ಅವಳು ಬಂದು ಒಂದು ಹಿಡಿ ಪುಡಿ ಎತ್ತಿ ಹಿಂಡಿದಳು. ಇಪ್ಪತ್ತು ವರ್ಷ ಗಂಡನಿಗೆ ಗಾರೆ ಕಲಸಿಕೊಟ್ಟ ಕೈ ಅದು, ಅದಕ್ಕೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಸುಳ್ಳು ಹೇಳಬೇಡ ಕಣೋ. ಗೋಡೆ ಉಸಿರಾಡೋಕೆ ಬಿಡಬೇಕು ಅಂತ ನಿಮ್ಮಣ್ಣ ಕಂಡಕಂಡೋರಿಗೆಲ್ಲ ಹೇಳೋರು. ನಾನೇ ಕೇಳಲಿಲ್ಲ."

ಅವನು ಮುಖ ಗೋಡೆಗೆ ತಿರುಗಿಸಿದ. ಅತ್ತಿಗೆ ಮೆಲ್ಲಗೆ ಕೇಳಿದಳು, "ಇದನ್ನ ಹೊಸ ಗಾರೆಗೆ ಸೇರಿಸಬಹುದಾ? ಒಂದು ಹಿಡಿಯಾದ್ರೂ?"

ಹೂಂ ಅನ್ನಬೇಕೆಂದು ಬಾಯಿ ತೆರೆದ. ಆದರೆ ಎದುರಿಗಿದ್ದದ್ದು ಅಣ್ಣ ಕಟ್ಟಿದ ಗೋಡೆ.

"ಆಗಲ್ಲ ಅತ್ತಿಗೆ. ಉಪ್ಪಿದೆ. ಹೊಸದನ್ನೂ ತಿನ್ನತ್ತೆ."

ಅವಳು ತಲೆಯಾಡಿಸಿ, ಮುಷ್ಟಿಯಲ್ಲಿದ್ದುದನ್ನು ತಾನೇ ಕಸದ ಬುಟ್ಟಿಗೆ ಹಾಕಿದಳು.